ಪುಣೆ ಯೂನಿವರ್ಸಿಟಿ ದೊಡ್ಡದು, ಸರಿ. ನಿಮ್ಮ ಮಗಳಿಗೆ ಹೊಂದುತ್ತಾ?

ಪಿಯುಸಿ ರಿಸಲ್ಟ್ ಬಂದ ವಾರದಿಂದ ನನ್ನ ಫೋನಿಗೆ ಬಿಡುವಿರುವುದಿಲ್ಲ. ಕಲಬುರ್ಗಿ, ಆಳಂದ, ಅಫಜಲಪುರ, ಇಂಡಿ, ಸಿಂದಗಿ ಕಡೆಯ ತಂದೆತಾಯಿಗಳು ಮಾಡುವ ಕರೆಗಳು. ನಾನು ಪುಣೆಯ ಒಂದು ಉರ್ದು ಮಾಧ್ಯಮದ ಶಾಲೆಯಲ್ಲಿ ಪಾಠ ಮಾಡುವವಳು. ಮನೆಮಾತು ದಖನಿ, ಓದಿದ್ದು ಅರ್ಧ ಉರ್ದು, ಅರ್ಧ ಕನ್ನಡ. ಹಾಗಾಗಿ ಊರ ಕಡೆಯವರಿಗೆ ನಾನು ‘ಪುಣೇದಾಗ ಇರೋ ಆಪಾ’. ಅವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: “ಆಪಾ, ಪುಣೆ ಯೂನಿವರ್ಸಿಟಿ ಭಾಳ ದೊಡ್ಡದಂತ. ಮಗಳ್ನ ಅಲ್ಲೇ ಹಚ್ಚಲೇನ್ರಿ?”

ಫೋನಿನಲ್ಲಿ ಹತ್ತು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಸಾವಕಾಶ ಬರೆಯುತ್ತೇನೆ. ಪುಣೆ ವಿಶ್ವವಿದ್ಯಾಲಯ ದೊಡ್ಡದು ಅನ್ನೋದು ನಿಜ. ಒಳ್ಳೆಯದು ಅನ್ನೋದೂ ಬಹಳ ಮಟ್ಟಿಗೆ ನಿಜ. ಆದರೆ ಅಷ್ಟರಿಂದಲೇ ‘ನಮ್ಮ ಮಗಳಿಗೆ ಹೊಂದುತ್ತದೆ’ ಅಂತ ಹೇಳಲು ಬರುವುದಿಲ್ಲ. ಅದನ್ನು ಬೇರೆಯಾಗಿ, ಕೂತು ಲೆಕ್ಕ ಹಾಕಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಹೊಂದದೆ ಹೋದಾಗ ಆಗುವ ನಷ್ಟ ಎಲ್ಲರ ಮನೆಯಲ್ಲೂ ಒಂದೇ ಅಲ್ಲ. ಅನುಕೂಲಸ್ಥರ ಮನೆಯ ಹುಡುಗ ಒಂದು ವರ್ಷ ಕಳೆದುಕೊಂಡರೆ ಮುಂದಿನ ವರ್ಷ ಇನ್ನೊಂದು ಕಾಲೇಜು ಸೇರುತ್ತಾನೆ. ನಮ್ಮ ಮನೆಗಳಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿ ಡಿಸೆಂಬರ್‌ನಲ್ಲಿ ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬಂದರೆ ಓದು ಅಲ್ಲಿಗೇ ನಿಂತು, ನಿಕಾಹ್ ಮಾತು ಶುರುವಾಗುತ್ತದೆ. ಅವಳ ಹಿಂದಿರುವ ತಂಗಿಯರ ಬಾಗಿಲೂ ಮುಚ್ಚುತ್ತದೆ. “ದೊಡ್ಡಾಕಿನ್ನ ಕಳಿಸಿ ನೋಡಿದ್ವಲ್ಲ, ಸಾಕು” ಅನ್ನುವ ಒಂದು ಮಾತು ಒಂದು ಮನೆಯ ಮೂರು ಹೆಣ್ಣುಮಕ್ಕಳ ತಾಲೀಮ್ ಮುಗಿಸಿದ್ದನ್ನು ನಾನು ನೋಡಿದ್ದೇನೆ.

ಹೆಸರು ಒಂದು, ಒಳಗೆ ನೂರಾರು ಮನೆ

ಮೊದಲು ಈ ವಿಶ್ವವಿದ್ಯಾಲಯ ಅಂದರೆ ಏನು ಅಂತ ತಿಳಿಯೋಣ. ಇದು ಹುಟ್ಟಿದ್ದು 1949ರ ಫೆಬ್ರುವರಿ 10ರಂದು. ಅಲ್ಲಿಯವರೆಗೆ ಪುಣೆಯ ಕಾಲೇಜುಗಳೆಲ್ಲ ಬೊಂಬಾಯಿ ವಿಶ್ವವಿದ್ಯಾಲಯದ ಕೆಳಗಿದ್ದವು, ಧಾರವಾಡದ ಕಾಲೇಜೂ ಹಾಗೆಯೇ ಇತ್ತು. ಎಂ.ಆರ್. ಜಯಕರ್ ಇದರ ಮೊದಲ ವೈಸ್ ಚಾನ್ಸಲರ್. ಗಣೇಶಖಿಂಡ್‌ನಲ್ಲಿ 411 ಎಕರೆಯ ಕ್ಯಾಂಪಸ್ ಇದೆ. ಅದರ ಹಳೆಯ ಮುಖ್ಯ ಕಟ್ಟಡ, ಬ್ರಿಟಿಷರ ಕಾಲದಲ್ಲಿ ಬೊಂಬಾಯಿಯ ಗವರ್ನರ್ ಮಳೆಗಾಲ ಕಳೆಯಲು ಬರುತ್ತಿದ್ದ ಬಂಗಲೆ. 2014ರಲ್ಲಿ ಇದಕ್ಕೆ ಸಾವಿತ್ರಿಬಾಯಿ ಫುಲೆ ಅವರ ಹೆಸರಿಟ್ಟರು. 1848ರಲ್ಲಿ ಇದೇ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದವರು ಸಾವಿತ್ರಿಬಾಯಿ ಮತ್ತು ಜೋತಿರಾವ್. 1856ರಲ್ಲಿ ಸಾವಿತ್ರಿಬಾಯಿ ಗಂಡನಿಗೆ ಬರೆದ ಪತ್ರದಲ್ಲಿ ಫಾತಿಮಾ ಎಂಬ ಹೆಸರು ಬರುತ್ತದೆ. ನಾವು ಫಾತಿಮಾ ಶೇಖ್ ಎಂದು ನೆನೆಯುವುದು ಆ ಹೆಣ್ಣುಮಗಳನ್ನೇ. ವಿಶ್ವವಿದ್ಯಾಲಯದ ಹೆಸರಿನ ಹಿಂದೆ ನಮಗೂ ಸೇರಿದ ಒಂದು ನೆನಪಿದೆ ಅನ್ನುವುದು ಸಂತೋಷವೇ. ಆದರೆ ಹೆಸರು ನೋಡಿ ಸೇರುವ ಹಾಗಿಲ್ಲ.

ಇಲ್ಲಿ ನಮ್ಮವರು ಎಡವುವ ಮೊದಲ ಜಾಗ ಬರುತ್ತದೆ. ‘ಪುಣೆ ಯೂನಿವರ್ಸಿಟಿ’ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಆ ದೊಡ್ಡ ಗೇಟು, ಮರಗಳ ಸಾಲು, ಕಲ್ಲಿನ ಕಟ್ಟಡ ಬರುತ್ತದೆ. ನಿಮ್ಮ ಮಗಳು ಪಿಯುಸಿ ಮುಗಿಸಿ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಸೇರುವುದಾದರೆ ಬಹುಮಟ್ಟಿಗೆ ಆ ಗೇಟಿನ ಒಳಗೆ ಕೂರುವುದೇ ಇಲ್ಲ. ಕ್ಯಾಂಪಸ್ಸಿನ ವಿಭಾಗಗಳಲ್ಲಿ ನಡೆಯುವುದು ಹೆಚ್ಚಾಗಿ ಎಂ.ಎ., ಎಂ.ಎಸ್ಸಿ., ಪಿಎಚ್.ಡಿ. ಡಿಗ್ರಿಯ ಪಾಠ ನಡೆಯುವುದು ಪುಣೆ, ನಾಸಿಕ್, ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಜಿಲ್ಲೆಗಳಲ್ಲಿ ಹರಡಿಕೊಂಡಿರುವ ನೂರಾರು ಸಂಯೋಜಿತ ಕಾಲೇಜುಗಳಲ್ಲಿ. 1885ರಲ್ಲಿ ಶುರುವಾದ ಫರ್ಗ್ಯುಸನ್ ಕಾಲೇಜು ಈ ವಿಶ್ವವಿದ್ಯಾಲಯದ್ದೇ. ಕ್ಯಾಂಪ್ ಪ್ರದೇಶದ ಪೂನಾ ಕಾಲೇಜು, ಆಜಂ ಕ್ಯಾಂಪಸ್ಸಿನಲ್ಲಿರುವ ಹೆಣ್ಣುಮಕ್ಕಳ ಆಬೇದಾ ಇನಾಮದಾರ್ ಕಾಲೇಜು, ಇವೂ ಅದರವೇ. ನಾಸಿಕ್ ಜಿಲ್ಲೆಯ ಯಾವುದೋ ತಾಲೂಕಿನ ಸಣ್ಣ ಕಾಲೇಜೂ ಅದರದೇ. ಡಿಗ್ರಿ ಮೇಲಿನ ಹೆಸರು ಎಲ್ಲಕ್ಕೂ ಒಂದೇ. ಆದರೆ ಪಾಠ, ಮೇಷ್ಟ್ರು, ಲೈಬ್ರರಿ, ಗೆಳತಿಯರು, ಮೂರು ವರ್ಷದ ಬದುಕು ಮಾತ್ರ ಬೇರೆ ಬೇರೆ.

ಇನ್ನೊಂದು ಗೊಂದಲ: ಪುಣೆಯಲ್ಲಿ ಇರುವುದೆಲ್ಲ ಪುಣೆ ಯೂನಿವರ್ಸಿಟಿ ಅಲ್ಲ. ಸಿಂಬಯಾಸಿಸ್ ಬೇರೆಯದೇ ಡೀಮ್ಡ್ ವಿಶ್ವವಿದ್ಯಾಲಯ, ಖಾಸಗಿ. ಭಾಷಾಶಾಸ್ತ್ರ ಮತ್ತು ಪುರಾತತ್ವಕ್ಕೆ ಹೆಸರಾದ ಡೆಕ್ಕನ್ ಕಾಲೇಜು ಕೂಡ ಈಗ ಡೀಮ್ಡ್. ಇಂಜಿನಿಯರಿಂಗ್‌ನ ಹಳೆಯ ಸಿಓಇಪಿ 2022ರಿಂದ ತನ್ನದೇ ವಿಶ್ವವಿದ್ಯಾಲಯ. ಫೀಸು, ಪ್ರವೇಶದ ನಿಯಮ, ಡಿಗ್ರಿ ಎಲ್ಲವೂ ಬೇರೆ. ಏಜೆಂಟರು ಈ ಗೊಂದಲದಲ್ಲೇ ಹೊಟ್ಟೆ ಹೊರೆಯುತ್ತಾರೆ. “ಪುಣೇದಾಗ ಸೀಟ್ ಕೊಡಸ್ತೀನಿ” ಅಂದವರಿಗೆ ಮೊದಲು ಕೇಳಬೇಕಾದ್ದು, “ಯಾವ ಕಾಲೇಜು, ಡಿಗ್ರಿ ಯಾರ ಹೆಸರಿನಲ್ಲಿ?”

ಆದ್ದರಿಂದ ನನ್ನ ಮೊದಲ ಸಲಹೆ, ‘ಯೂನಿವರ್ಸಿಟಿ ಹೇಗಿದೆ’ ಅಂತ ಕೇಳುವುದನ್ನು ನಿಲ್ಲಿಸಿ. ‘ನನ್ನ ಮಗಳು ಕೂರುವ ಕ್ಲಾಸು ಯಾವುದು, ಅವಳಿಗೆ ಪಾಠ ಮಾಡುವವರು ಯಾರು’ ಅಂತ ಕೇಳಲು ಶುರು ಮಾಡಿ.

ದೊಡ್ಡದು ಕೊಡುವುದು ಏನು?

ಸರ್ಕಾರಿ ಸ್ವರೂಪದ ದೊಡ್ಡ ವಿಶ್ವವಿದ್ಯಾಲಯಕ್ಕೆ ಅದರದೇ ಬರಕತ್ ಇದೆ. ಅದನ್ನು ಕಡಿಮೆ ಮಾಡಿ ಹೇಳುವುದು ತಪ್ಪಾಗುತ್ತದೆ.

ಒಂದು, ಫೀಸು. ಅನುದಾನಿತ ಕಾಲೇಜಿನ ಬಿ.ಎ., ಬಿ.ಎಸ್ಸಿ. ಅಥವಾ ಕ್ಯಾಂಪಸ್ಸಿನ ಎಂ.ಎ. ಫೀಸನ್ನು ಖಾಸಗಿ ವಿಶ್ವವಿದ್ಯಾಲಯದ ಪಕ್ಕ ಇಟ್ಟರೆ ಆಕಾಶ-ಭೂಮಿ ವ್ಯತ್ಯಾಸ. ಹುಷಾರಾಗಿರಬೇಕಾದ್ದು ಒಂದೇ ಕಡೆ. ಅದೇ ಕಾಲೇಜಿನಲ್ಲೇ ಅನುದಾನ ಇಲ್ಲದ ಕೋರ್ಸುಗಳೂ ಇರುತ್ತವೆ. ಬಿ.ಬಿ.ಎ., ಕಂಪ್ಯೂಟರ್‌ನಂಥ ಕೋರ್ಸುಗಳು ಹೆಚ್ಚಾಗಿ ಈ ಪಂಗಡ. ಅಲ್ಲಿ ಫೀಸು ಬೇರೆಯೇ ಲೆಕ್ಕ.

ಎರಡು, ವಿಷಯಗಳ ವಿಸ್ತಾರ. ನಮ್ಮ ತಾಲೂಕು ಕಾಲೇಜಿನಲ್ಲಿ ಎಚ್.ಇ.ಪಿ., ಎಚ್.ಇ.ಎಸ್. ಅಂತ ಎರಡು ಮೂರು ಕಾಂಬಿನೇಷನ್‌ನಲ್ಲಿ ಕಥೆ ಮುಗಿಯುತ್ತದೆ. ಇಲ್ಲಿ ಅಂಕಿಅಂಶ ಶಾಸ್ತ್ರ, ಮನಶ್ಶಾಸ್ತ್ರ, ಮಾನವಶಾಸ್ತ್ರ, ವಿದೇಶಿ ಭಾಷೆಗಳು, ಪರಿಸರ ವಿಜ್ಞಾನ ಅಂತ ಕವಲುಗಳು ಹರಡಿಕೊಂಡಿವೆ. ಜಯಕರ್ ಹೆಸರಿನ ದೊಡ್ಡ ಗ್ರಂಥಾಲಯವಿದೆ. ಊರಲ್ಲಿ ಪುಸ್ತಕಕ್ಕೆ ಪರದಾಡಿದ ಮಗುವಿಗೆ ಅದು ಒಂದು ಬೇರೆ ಲೋಕ.

ಮೂರು, ದುಡಿದು ಓದುವ ದಾರಿ. ಕರ್ಮವೀರ ಭಾವುರಾವ್ ಪಾಟೀಲ್ ಹೆಸರಿನಲ್ಲಿ ‘ಕಮವಾ ವ ಶಿಕಾ’, ಅಂದರೆ ‘ದುಡಿ, ಕಲಿ’ ಎಂಬ ಯೋಜನೆ ಇದೆ. ಕಾಲೇಜಿನ ಕಚೇರಿ, ಗ್ರಂಥಾಲಯ, ತೋಟದಲ್ಲಿ ಕೆಲವು ತಾಸು ಕೆಲಸ ಮಾಡಿ ಕೈಖರ್ಚು ಸಂಪಾದಿಸಬಹುದು. ಅದರಿಂದ ಮನೆ ನಡೆಯುವುದಿಲ್ಲ, ಮೆಸ್ಸಿನ ಬಿಲ್ಲಿಗೆ ಸ್ವಲ್ಪ ಆಸರೆ ಆಗ್ತದೆ. ಕೆಲಸ ಮಾಡಿ ಓದುವುದು ಇಲ್ಲಿ ನಾಚಿಕೆಯ ವಿಷಯ ಅಲ್ಲ ಅನ್ನುವುದು ಇನ್ನೂ ದೊಡ್ಡ ಲಾಭ.

ನಾಲ್ಕು, ಬೇರೆ ಬೇರೆ ಊರಿನ, ಜಾತಿಯ, ಭಾಷೆಯ ಮಕ್ಕಳ ಜೊತೆ ಕೂತು ಓದುವುದು. ಕನ್ನಡಿಗರಿಗೆ ಪುಣೆಯ ಈ ದಾರಿ ಹೊಸದಲ್ಲ. ದ.ರಾ. ಬೇಂದ್ರೆ ಧಾರವಾಡದಿಂದ ಬಂದು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮುಗಿಸಿದರು. ಕನ್ನಡ ವ್ಯಾಕರಣದ ಬಗ್ಗೆ ಹೊಸದಾಗಿ ಯೋಚಿಸುವಂತೆ ಮಾಡಿದ ಡಿ.ಎನ್. ಶಂಕರ ಭಟ್ಟರು ಡೆಕ್ಕನ್ ಕಾಲೇಜಿನಲ್ಲಿದ್ದವರು. ಆದರೆ ಒಂದು ಮಾತು ನೆನಪಿರಲಿ. ಬೇಂದ್ರೆಯವರಿಗೆ ಮರಾಠಿ ಮನೆಯ ಭಾಷೆಯೇ ಆಗಿತ್ತು, ಪುಣೆಯಲ್ಲಿ ಇರಲು ಚಿಕ್ಕಪ್ಪನ ಆಸರೆಯೂ ಇತ್ತು. ದೊಡ್ಡವರ ಉದಾಹರಣೆ ಕೊಡುವಾಗ ಅವರ ಕೈಯಲ್ಲಿದ್ದ ಊರುಗೋಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದೊಡ್ಡದು ಕೇಳುವುದು ಏನು?

ಸಣ್ಣ ಕಾಲೇಜಿನಲ್ಲಿ ಮೂರು ದಿನ ಕಾಣದಿದ್ದರೆ ಯಾರಾದರೂ ಮನೆಗೆ ಫೋನ್ ಮಾಡುತ್ತಾರೆ. ಪರೀಕ್ಷೆ ಫಾರ್ಮ್ ತುಂಬುವ ಕೊನೆಯ ದಿನ ಜವಾನನೇ ಕ್ಲಾಸಿಗೆ ಬಂದು ಕೂಗಿ ಹೇಳುತ್ತಾನೆ. ದೊಡ್ಡ ವ್ಯವಸ್ಥೆಯಲ್ಲಿ ಇದು ಯಾವುದನ್ನೂ ನಿರೀಕ್ಷಿಸಬೇಡಿ. ಎಲ್ಲವೂ ವೆಬ್‌ಸೈಟಿನಲ್ಲಿ ಬಂದಿರುತ್ತದೆ, ನೋಟಿಸ್ ಬೋರ್ಡಿಗೆ ಹಚ್ಚಿರುತ್ತಾರೆ. ಅರ್ಹತಾ ಪತ್ರ, ಪರೀಕ್ಷೆ ಫಾರ್ಮ್, ಮರುಮೌಲ್ಯಮಾಪನ, ಅಂಕಪಟ್ಟಿಯಲ್ಲಿ ಹೆಸರು ತಪ್ಪು ಬಂದರೆ ತಿದ್ದುಪಡಿ, ಹೀಗೆ ಪ್ರತಿಯೊಂದಕ್ಕೂ ಒಂದು ಕಿಟಕಿ, ಒಂದು ಅರ್ಜಿ, ಒಂದು ಕೊನೆಯ ತಾರೀಖು. ಬೆನ್ನು ಹತ್ತಿ ಹೋದವರ ಕೆಲಸ ಆಗ್ತದೆ. ಬಾಯಿ ಮುಚ್ಚಿಕೊಂಡು ಹಿಂದೆ ನಿಂತವರದು ನಿಂತೇ ಇರುತ್ತದೆ.

ನಾನು ಕಲಿಸಿದ ಇಬ್ಬರು ಹುಡುಗಿಯರ ವಿಷಯ ಹೇಳುತ್ತೇನೆ. ಇಬ್ಬರೂ ಒಂದೇ ಬೀದಿಯವರು, ಹತ್ತನೇ ತರಗತಿಯಲ್ಲಿ ಅಂಕವೂ ಹೆಚ್ಚುಕಮ್ಮಿ ಸಮ. ಒಬ್ಬಳು ರೇಷನ್ ಅಂಗಡಿಯ ಸಾಲಿನಲ್ಲಿ ಅಮ್ಮಿಯ ಪರವಾಗಿ ಜಗಳ ಆಡುತ್ತಿದ್ದ ಹುಡುಗಿ. ಅವಳು ದೊಡ್ಡ ಕಾಲೇಜಿನಲ್ಲಿ ಮೊದಲ ಸೆಮಿಸ್ಟರ್ ಇಂಗ್ಲಿಷ್‌ನಲ್ಲಿ ಫೇಲಾದಳು. ಮೇಷ್ಟ್ರ ಕೋಣೆಗೆ ಹೋಗಿ ‘ಹೇಗೆ ಬರೀಬೇಕು ಹೇಳಿಕೊಡಿ’ ಅಂತ ಕೇಳಿ, ಎರಡನೆಯ ವರ್ಷಕ್ಕೆ ದಾರಿಗೆ ಬಂದಳು. ಇನ್ನೊಬ್ಬಳು ಅವಳಿಗಿಂತ ಜಾಣೆ, ಆದರೆ ಯಾರಾದರೂ ಎದುರಿಗೆ ಕೂರಿಸಿಕೊಂಡು ಹೇಳಿದರೆ ಮಾತ್ರ ಅರಳುವವಳು. ಅವಳು ನೂರಿಪ್ಪತ್ತು ಮಕ್ಕಳ ಕ್ಲಾಸಿನಲ್ಲಿ ಕಳೆದೇಹೋದಳು. ಜಾಣತನದಲ್ಲಿ ಕೊರತೆ ಇರಲಿಲ್ಲ, ಆ ಜಾಗ ಅವಳಿಗೆ ಹೊಂದಲಿಲ್ಲ. ಅವಳನ್ನು ನಲವತ್ತು ಮಕ್ಕಳ ಕ್ಲಾಸಿನಲ್ಲಿ ಕೂರಿಸಿದ್ದರೆ ಕಥೆ ಬೇರೆಯಾಗುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ರ‍್ಯಾಂಕಿಂಗ್ ನೋಡಿ ತೀರ್ಮಾನ ಮಾಡುವವರಿಗೂ ಒಂದು ಮಾತು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿಯಲ್ಲಿ, ವಿಶ್ವವಿದ್ಯಾಲಯಗಳ ವಿಭಾಗದಲ್ಲಿ, 2024ರಲ್ಲಿ 23ನೇ ಸ್ಥಾನದಲ್ಲಿದ್ದ ಪುಣೆ ವಿಶ್ವವಿದ್ಯಾಲಯ 2025ರಲ್ಲಿ 56ಕ್ಕೆ ಇಳಿಯಿತು. ಇಳಿದಾಗ ಕೇಳಿಬಂದ ಮುಖ್ಯ ಕಾರಣ ಬೋಧಕರ ಹುದ್ದೆಗಳು ಖಾಲಿ ಇರುವುದು. ಒಂದೇ ವರ್ಷದಲ್ಲಿ ಕಟ್ಟಡ, ಪುಸ್ತಕ ಎಲ್ಲ ಮಾಯವಾಗಿರುವುದಿಲ್ಲ. ಹಾಗೆಯೇ 23ರಲ್ಲಿ ಇದ್ದಾಗಲೂ ಪ್ರತಿ ಕಾಲೇಜೂ 23ನೇ ದರ್ಜೆಯದಾಗಿರಲಿಲ್ಲ. ಪಟ್ಟಿಯ ಸಂಖ್ಯೆಗಿಂತ ನಿಮಗೆ ಬೇಕಾದ ವಿಷಯದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಜನ, ತಾಸಿನ ಲೆಕ್ಕದಲ್ಲಿ ಬರುವವರು ಎಷ್ಟು ಜನ ಅನ್ನುವ ಸಂಖ್ಯೆ ಹೆಚ್ಚು ಹೇಳುತ್ತದೆ. ಅದು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ, ಹೋಗಿ ಕೇಳಬೇಕು.

ಗಡಿ ದಾಟಿದರೆ ಕಾಗದದ ಬೆಲೆ ಬದಲಾಗುತ್ತದೆ

ಕಲಬುರ್ಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಸೊಲ್ಲಾಪುರ ದಾಟಿ ಪುಣೆಗೆ ಬರುವುದು ಸುಲಭ. ಆದರೆ ರೈಲು ದಾಟುವ ಆ ಗಡಿಯನ್ನು ನಿಮ್ಮ ಕಾಗದಪತ್ರಗಳೆಲ್ಲ ದಾಟುವುದಿಲ್ಲ. ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ಕರ್ನಾಟಕದಲ್ಲಿ ನಮ್ಮ ಮಕ್ಕಳ ಹತ್ತಿರ ಇರುವ 2ಬಿ ಸರ್ಟಿಫಿಕೇಟು ಮಹಾರಾಷ್ಟ್ರದ ಮೀಸಲು ಸೀಟಿಗೆ ನಡೆಯುವುದಿಲ್ಲ. ಮಹಾರಾಷ್ಟ್ರದಲ್ಲಿ ಕೆಲವು ಮುಸ್ಲಿಂ ಜಮಾತ್‌ಗಳಿಗೆ ಒಬಿಸಿ ಸೌಲಭ್ಯವಿದೆ. ಅದಕ್ಕೆ ಆ ರಾಜ್ಯದ್ದೇ ಜಾತಿ ಪತ್ರ ಬೇಕು, ಅದರ ಮೇಲೆ ‘ವ್ಯಾಲಿಡಿಟಿ’ ಅಂತ ಇನ್ನೊಂದು ಪತ್ರ ಬೇಕು. ಹೊರರಾಜ್ಯದಿಂದ ಓದಲು ಬಂದವರನ್ನು ಸಾಮಾನ್ಯ ವರ್ಗದಲ್ಲೇ ಲೆಕ್ಕ ಹಾಕುತ್ತಾರೆ ಅಂದುಕೊಂಡೇ ಫೀಸಿನ ಅಂದಾಜು ಮಾಡಿ. 2024ರಲ್ಲಿ ಮಹಾರಾಷ್ಟ್ರ ಸರ್ಕಾರ, 8 ಲಕ್ಷದೊಳಗಿನ ಆದಾಯದ ಕೆಲವು ವರ್ಗಗಳ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳ ಫೀಸು ಮಾಫಿ ಮಾಡಿತು. “ಹುಡುಗೇರಿಗೆ ಫೀಸೇ ಇಲ್ಲಂತ” ಅಂತ ಅದನ್ನು ಕೇಳಿಕೊಂಡು ಬರುವವರಿದ್ದಾರೆ. ಅದು ಆ ರಾಜ್ಯದ ನಿವಾಸಿಗಳಿಗೆ.

ಇಂಜಿನಿಯರಿಂಗ್‌ನಂಥ ಕೋರ್ಸಿಗೆ ಬರುವ ಗಡಿಭಾಗದವರಿಗೆ ಪ್ರತ್ಯೇಕ ನಿಯಮ ಇದೆಯಲ್ಲ ಅಂತ ಬೆಳಗಾವಿ, ಬೀದರ್ ಕಡೆಯವರು ಕೇಳುತ್ತಾರೆ. ಇದೆ. ಮಹಾರಾಷ್ಟ್ರ ತನ್ನದೆಂದು ಹೇಳುವ 865 ಹಳ್ಳಿಗಳಲ್ಲಿ ಓದಿದ ವಿದ್ಯಾರ್ಥಿಗಳಿಗೆ ಅವಕಾಶವಿದೆ. ಆದರೆ ಮಾತೃಭಾಷೆ ಮರಾಠಿ ಆಗಿರಬೇಕು ಅನ್ನುವ ಷರತ್ತೂ ಇದೆ. ಉರ್ದು, ಕನ್ನಡ ಮನೆಮಾತಿನ ನಮ್ಮ ಮಕ್ಕಳಿಗೆ ಆ ಬಾಗಿಲು ತೆರೆಯುವುದಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಅಲ್ಪಸಂಖ್ಯಾತ ಕೋಟಾ ಇರುತ್ತದೆ. ಖಾಸಗಿ ಸಂಸ್ಥೆಗಳ ಪ್ರವೇಶದ ಬಗ್ಗೆ 2005ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಕೊಟ್ಟ ಹೆಸರಾಂತ ತೀರ್ಪು ಪುಣೆಯ ಪಿ.ಎ. ಇನಾಮದಾರ್ ಅವರ ಹೆಸರಿನದೇ. ಆದರೂ ಆ ಕೋಟಾದಲ್ಲಿ ಹೊರರಾಜ್ಯದವರನ್ನು ಸೇರಿಸುತ್ತಾರಾ ಅಂತ ಕೋರ್ಸು ಕೋರ್ಸಿಗೂ ಕೇಳಿ ತಿಳಿದುಕೊಳ್ಳಬೇಕು. ‘ನಮ್ಮವರದೇ ಕಾಲೇಜು’ ಅನ್ನುವ ಧೈರ್ಯ ಸಾಲದು.

ಇನ್ನು ಬಿಟ್ಟು ಬರುವುದರ ಲೆಕ್ಕ. ಸಂವಿಧಾನದ 371(ಜೆ) ಕಲಮಿನಿಂದ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಮಕ್ಕಳಿಗೆ ಅಲ್ಲಿನ ಸಂಸ್ಥೆಗಳಲ್ಲಿ ಸೀಟು ಮೀಸಲಿದೆ. ಕಲಬುರ್ಗಿಯ ಮಗು ಪುಣೆಗೆ ಬಂದರೆ ಆ ಸೀಟು ಬಿಟ್ಟಂತೆ. ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಕರ್ನಾಟಕದೊಳಗೆ ಹೆಣ್ಣುಮಕ್ಕಳಿಗೆ ಬಸ್ ಉಚಿತ. ಇಂಡಿಯ ಹುಡುಗಿ ವಿಜಯಪುರದಲ್ಲಿ ಓದಿದರೆ ಪ್ರತಿ ಶನಿವಾರ ಪುಕ್ಕಟೆ ಮನೆಗೆ ಬರಬಹುದು. ಪುಣೆಯಿಂದ ಬರುವುದು ಈದ್‌ಗೆ, ಮನೆಯ ಮದುವೆಗೆ, ಅಷ್ಟೇ. ರಾಜ್ಯದ ವಿದ್ಯಾರ್ಥಿವೇತನಗಳೂ ಹೆಚ್ಚಾಗಿ ರಾಜ್ಯದೊಳಗೆ ಓದುವವರಿಗೇ ಕಟ್ಟಿಕೊಂಡಿರುತ್ತವೆ. ಊರು ಬಿಡುವ ಮುಂಚೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ, ಹೊರಗೆ ಓದಿದರೆ ಯಾವುದು ಸಿಗುತ್ತದೆ, ಯಾವುದು ನಿಲ್ಲುತ್ತದೆ ಅಂತ ಬರೆದುಕೊಂಡು ಬನ್ನಿ. ಪಿಎಚ್.ಡಿ.ವರೆಗೆ ಕನಸು ಕಾಣುವವರಿಗೆ ಇನ್ನೊಂದು ವಿಷಯ. ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ನಿಲ್ಲಿಸಿರುವುದಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲೇ ಹೇಳಿದೆ. ಹಳೆಯ ವಿದ್ಯಾರ್ಥಿಗಳು ‘ನಮಗೆ ಸಿಕ್ಕಿತ್ತು’ ಅಂದದ್ದನ್ನು ನಂಬಿ ಲೆಕ್ಕ ಹಾಕಬೇಡಿ. ಈಗ ಉಳಿದಿರುವ ದೊಡ್ಡ ದಾರಿ ನೆಟ್ ಪರೀಕ್ಷೆಯ ಜೆಆರ್‌ಎಫ್.

ಡಿಗ್ರಿಯ ಸ್ವರೂಪವೂ ಬೇರೆಯಾಗಿದೆ. ಕರ್ನಾಟಕ 2024ರಲ್ಲಿ ನಾಲ್ಕು ವರ್ಷದ ಪದ್ಧತಿ ಕೈಬಿಟ್ಟು ಮೂರು ವರ್ಷದ ಡಿಗ್ರಿಗೆ ಮರಳಿತು. ಮಹಾರಾಷ್ಟ್ರದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಮೂರು ವರ್ಷಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. ಮಧ್ಯದಲ್ಲಿ ಊರ ಕಡೆ ವರ್ಗ ಮಾಡಿಸಿಕೊಳ್ಳಬಹುದು ಅಂತ ಸಲೀಸಾಗಿ ಹೇಳುವವರ ಮಾತಿಗೆ ಬೀಳಬೇಡಿ. ವಿಷಯಗಳು, ಕ್ರೆಡಿಟ್ಟುಗಳು ತಾಳೆ ಆಗಬೇಕು, ಮೈಗ್ರೇಷನ್ ಸರ್ಟಿಫಿಕೇಟ್ ಬೇಕು, ಸೀಟೂ ಇರಬೇಕು.

ಭಾಷೆ: ಮರಾಠಿಗಿಂತ ಇಂಗ್ಲಿಷ್ ಭಾರ

ಮರಾಠಿಗೆ ಹೆದರುವವರು ಬಹಳ. ದಖನಿ ಆಡುವ ಮಕ್ಕಳಿಗೆ ಆ ಹೆದರಿಕೆ ಬೇಡ. ನಮ್ಮ ‘ನಕ್ಕೋ’ ಬಂದದ್ದೇ ಮರಾಠಿಯಿಂದ. ಹಿಂದಿ ಓದಿದ್ದರೆ ಲಿಪಿಯೂ ಗೊತ್ತಿರುತ್ತದೆ. ತರಕಾರಿ ಮಾರ್ಕೆಟ್ಟು, ಬಸ್ ಕಂಡಕ್ಟರು, ಹಾಸ್ಟೆಲ್ ಗೆಳತಿಯರು ಆರು ತಿಂಗಳಲ್ಲಿ ಕಲಿಸಿಬಿಡುತ್ತಾರೆ. ಕನ್ನಡ ಕೇಳಬೇಕು ಅನ್ನಿಸಿದರೆ ಪುಣೆಯಲ್ಲಿ ಕನ್ನಡ ಸಂಘವೂ ಇದೆ.

ಕ್ಲಾಸಿನ ಒಳಗಿನ ಕಷ್ಟ ಬೇರೆ. ಕಲಾ ವಿಭಾಗದಲ್ಲಿ ಅನೇಕ ಕಡೆ ಮೇಷ್ಟ್ರು ಇಂಗ್ಲಿಷ್‌ನಲ್ಲಿ ಶುರು ಮಾಡಿ ಮರಾಠಿಗೆ ಜಾರುತ್ತಾರೆ. ಮರಾಠಿ ಮಾಧ್ಯಮದ ಮಕ್ಕಳು ಉತ್ತರವನ್ನು ಮರಾಠಿಯಲ್ಲಿ ಬರೆಯಬಹುದು. ಕನ್ನಡದಲ್ಲೋ ಉರ್ದುವಿನಲ್ಲೋ ಹನ್ನೆರಡು ವರ್ಷ ಓದಿದ ಹುಡುಗಿಗೆ ಉಳಿಯುವುದು ಇಂಗ್ಲಿಷ್ ಒಂದೇ. ಅದೇ ಹುಡುಗಿ ಕಲಬುರ್ಗಿಯಲ್ಲಿ ಬಿ.ಎ. ಓದಿದರೆ ಇತಿಹಾಸದ ಉತ್ತರ ಕನ್ನಡದಲ್ಲಿ ಬರೆಯುತ್ತಾಳೆ. ಉರ್ದು ಮಾಧ್ಯಮದಲ್ಲೇ ಮುಂದುವರಿಯಬೇಕೆಂದರೆ 1998ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯವಿದೆ, ಬೀದರಿನಲ್ಲಿ ಅದರ ಶಿಕ್ಷಕರ ಕಾಲೇಜೂ ಇದೆ.

ನನ್ನದೇ ಕಸುಬಿನ ಉದಾಹರಣೆ ಕೊಡುವುದಾದರೆ ಬಿ.ಎಡ್. ಎರಡು ವರ್ಷದ ಈ ಕೋರ್ಸಿಗೆ ಮಹಾರಾಷ್ಟ್ರದಲ್ಲಿ ಸಿಇಟಿ ಬರೆಯಬೇಕು. ಈ ಕೋರ್ಸಿನ ಜೀವ ಇರುವುದು ಶಾಲೆಗೆ ಹೋಗಿ ಮಾಡುವ ಅಭ್ಯಾಸ ಪಾಠದಲ್ಲಿ. ಪುಣೆಯಲ್ಲಿ ಅದನ್ನು ಮಾಡುವುದು ಮರಾಠಿ, ಇಂಗ್ಲಿಷ್ ಅಥವಾ ಉರ್ದು ಶಾಲೆಯಲ್ಲಿ. ಮುಂದೆ ಊರಿನ ಕನ್ನಡ ಶಾಲೆಯಲ್ಲಿ ಮೇಡಂ ಆಗಬೇಕು ಅನ್ನುವವಳು ಎರಡು ವರ್ಷ ಬೇರೆ ಭಾಷೆಯಲ್ಲಿ ಬೋರ್ಡ್ ಮೇಲೆ ಬರೆದು ಬಂದರೆ, ಕೊನೆಗೆ ಕೆಲಸದ ಹೊತ್ತಿಗೆ ಕೈ ತಡವರಿಸುತ್ತದೆ. ಇಂಗ್ಲಿಷ್ ಮಾಧ್ಯಮದ ಅಥವಾ ಉರ್ದು ಶಾಲೆಯಲ್ಲಿ ಕಲಿಸುವ ಇರಾದೆ ಇದ್ದರೆ ಪುಣೆ ಚಲೋ.

ಇರುವ ಜಾಗ, ಉಡುವ ಬಟ್ಟೆ

ಹಾಸ್ಟೆಲ್ ಸಿಗುತ್ತದೆ ಅಂತ ಅಂದುಕೊಂಡು ಟ್ರಂಕು ಕಟ್ಟಬೇಡಿ. ಕ್ಯಾಂಪಸ್ ಹಾಸ್ಟೆಲ್ಲು ಕ್ಯಾಂಪಸ್ ವಿಭಾಗದ ವಿದ್ಯಾರ್ಥಿಗಳಿಗೆ. ಕಾಲೇಜಿನ ಮಕ್ಕಳಿಗೆ ಆಯಾ ಕಾಲೇಜಿನದು, ಅದೂ ಇದ್ದರೆ. ಇಲ್ಲದಿದ್ದರೆ ಪಿ.ಜಿ. ಮನೆ ಅಥವಾ ಬಾಡಿಗೆ ಕೋಣೆ. ಹೆಸರು ಕೇಳಿ ‘ಕೋಣೆ ಈಗಷ್ಟೇ ಹೋಯ್ತು’ ಅನ್ನುವ ಮಾಲೀಕರು ಸಿಗುತ್ತಾರೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹಾಗಾಗಿ ನಮ್ಮ ಮಕ್ಕಳು ಹೆಚ್ಚಾಗಿ ಕ್ಯಾಂಪ್, ಕೊಂಡ್ವಾ ಕಡೆ ಇರುತ್ತಾರೆ. ಕೊಂಡ್ವಾದಿಂದ ಗಣೇಶಖಿಂಡ್‌ಗೆ ಹದಿನಾಲ್ಕು ಹದಿನೈದು ಕಿಲೋಮೀಟರ್ ಆಗಬಹುದು, ಪುಣೆಯ ಟ್ರಾಫಿಕ್‌ನಲ್ಲಿ ಬಸ್ಸಿಗೆ ಒಂದು ತಾಸಿನ ಮೇಲೆ. ದಿನಕ್ಕೆ ಎರಡೂವರೆ ತಾಸು ಬಸ್ಸಿನಲ್ಲಿ ಕಳೆದರೆ ಆ ದೊಡ್ಡ ಲೈಬ್ರರಿ ಇದ್ದೂ ಇಲ್ಲದ ಹಾಗೆ. ಕಾಲೇಜಿನ ಹತ್ತಿರ ಜಾಗ ಸಿಕ್ಕಿತೇ ಅನ್ನುವುದರ ಮೇಲೆ ಅರ್ಧ ತೀರ್ಮಾನ ನಿಂತಿದೆ.

ಉಡುಪಿನ ವಿಷಯವನ್ನೂ ಹೇಳಲೇಬೇಕು. 2022ರ ಮಾರ್ಚ್ 15ರ ಕರ್ನಾಟಕ ಹೈಕೋರ್ಟ್ ತೀರ್ಪಿನ ನಂತರ ಹಲವು ಮನೆಯವರು ‘ಮಹಾರಾಷ್ಟ್ರಕ್ಕೆ ಕಳಿಸಿದರೆ ಈ ತಲೆಬೇನೆ ಇಲ್ಲ’ ಅಂದುಕೊಂಡರು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದೇ ಅಕ್ಟೋಬರ್‌ನಲ್ಲಿ ಬೇರೆ ಬೇರೆ ತೀರ್ಪು ಕೊಟ್ಟರು. 2024ರಲ್ಲಿ ಮುಂಬೈನ ಒಂದು ಕಾಲೇಜು ಹಿಜಾಬ್, ಟೋಪಿ ಬೇಡ ಅಂದಾಗ ಅದೂ ಕೋರ್ಟಿಗೆ ಹೋಗಿ, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸುತ್ತೋಲೆಗೆ ಭಾಗಶಃ ತಡೆ ಕೊಟ್ಟಿತು. ಹೇಳಬೇಕಾದ್ದು ಇಷ್ಟೇ: ರಾಜ್ಯದ ಹೆಸರು ನೋಡಿ ನಿರಾಳ ಆಗಬೇಡಿ. ಸೇರುವ ಕಾಲೇಜಿನ ನಿಯಮ ಏನು ಅಂತ ಮೊದಲೇ ಕೇಳಿ, ಬರೆದದ್ದು ಇದ್ದರೆ ಓದಿ. ಫೀಸು ಕಟ್ಟಿದ ಮೇಲೆ ಗೇಟಿನಲ್ಲಿ ಗೊತ್ತಾಗುವುದು ಬೇಡ.

ಹಾಗಾದರೆ ಯಾರಿಗೆ ಹೊಂದುತ್ತದೆ?

ಏನು ಓದಬೇಕು ಅಂತ ಗೊತ್ತಿರುವ, ಇಂಗ್ಲಿಷ್ ಪುಸ್ತಕ ನಿಧಾನಕ್ಕಾದರೂ ತಾನೇ ಓದಬಲ್ಲ, ಗೊತ್ತಿಲ್ಲದ್ದನ್ನು ಕೇಳಲು ನಾಚದ, ಇರಲು ನಂಬಿಕೆಯ ಜಾಗ ಸಿಕ್ಕಿರುವ ಮಗಳಿಗೆ ಪುಣೆಯ ದೊಡ್ಡ ವಿಶ್ವವಿದ್ಯಾಲಯ ಹೊಂದುತ್ತದೆ. ಅಂಥವಳನ್ನು ‘ದೂರ’ ಅನ್ನುವ ಒಂದೇ ಕಾರಣಕ್ಕೆ ತಡೆದರೆ ಅದು ಅನ್ಯಾಯ. ಇವುಗಳಲ್ಲಿ ಎರಡು ಮೂರು ಇನ್ನೂ ಇಲ್ಲ ಅನ್ನುವವಳಿಗೆ ‘ಬೇಡ’ ಅನ್ನಬೇಕಿಲ್ಲ, ‘ಈಗ ಬೇಡ’ ಅಂದರೆ ಸಾಕು.

ನಾನು ಹೆಚ್ಚಿನವರಿಗೆ ಹೇಳುವ ನಡುದಾರಿ ಇದು: ಡಿಗ್ರಿ ಮನೆಗೆ ಹತ್ತಿರ, ಎಂ.ಎ. ಅಥವಾ ಎಂ.ಎಸ್ಸಿ. ಪುಣೆಯಲ್ಲಿ. ವಿಜಯಪುರದಲ್ಲಿ 2003ರಲ್ಲಿ ಶುರುವಾದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಕಲಬುರ್ಗಿಯಲ್ಲಿ 1980ರ ಗುಲ್ಬರ್ಗಾ ವಿಶ್ವವಿದ್ಯಾಲಯ, ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರ ಕೇಂದ್ರೀಯ ವಿಶ್ವವಿದ್ಯಾಲಯ ಇವೆ. ಅಲ್ಲಿ ಮೂರು ವರ್ಷ ಗಟ್ಟಿಯಾಗಿ ಓದಿ, ಇಂಗ್ಲಿಷ್ ಕುದುರಿಸಿಕೊಂಡು, ಪುಣೆಯ ಆನ್‌ಲೈನ್ ಪ್ರವೇಶ ಪರೀಕ್ಷೆ ಬರೆದು ಬಂದರೆ ನೇರವಾಗಿ ಗಣೇಶಖಿಂಡ್ ಕ್ಯಾಂಪಸ್ಸಿನ ವಿಭಾಗದಲ್ಲೇ ಕೂರಬಹುದು. ಕ್ಲಾಸು ಚಿಕ್ಕದು, ಹಾಸ್ಟೆಲ್‌ಗೆ ಅರ್ಜಿ ಹಾಕುವ ಹಕ್ಕು ಇದೆ, ಹುಡುಗಿಗೆ ಇಪ್ಪತ್ತೊಂದರ ತಿಳಿವಳಿಕೆಯೂ ಬಂದಿರುತ್ತದೆ. ದೊಡ್ಡ ವಿಶ್ವವಿದ್ಯಾಲಯ ನಿಜವಾಗಿ ಬಡಿಸುವುದು ಆ ಹಂತದಲ್ಲೇ. ಮುಂದೆ ಮಹಾರಾಷ್ಟ್ರ, ಗೋವಾದಲ್ಲಿ ಲೆಕ್ಚರರ್ ಆಗಬೇಕಾದರೆ ಬರೆಯುವ ಸೆಟ್ ಪರೀಕ್ಷೆ ನಡೆಸುವುದೂ ಇದೇ ವಿಶ್ವವಿದ್ಯಾಲಯ.

ಸೇರಿಸುವ ಮುಂಚೆ ಒಂದು ದಿನ ಬಂದು ಕಾಲೇಜು ನೋಡಿ. ರಜೆಯ ದಿನ ಬೇಡ, ಕ್ಲಾಸು ನಡೆಯುವ ದಿನ ಬನ್ನಿ. ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ:

1. ಡಿಗ್ರಿ ಯಾವ ವಿಶ್ವವಿದ್ಯಾಲಯದ್ದು? ಈ ಕೋರ್ಸು ಅನುದಾನಿತವೋ ಅಲ್ಲವೋ?
2. ಮೊದಲ ವರ್ಷದ ಒಂದು ಕ್ಲಾಸಿನಲ್ಲಿ ಎಷ್ಟು ಮಕ್ಕಳು? ಈ ವಿಷಯಕ್ಕೆ ಕಾಯಂ ಅಧ್ಯಾಪಕರು ಎಷ್ಟು?
3. ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ? ಇಂಗ್ಲಿಷ್ ಕಷ್ಟವಾದವರಿಗೆ ಹೆಚ್ಚಿನ ಕ್ಲಾಸು ಇದೆಯಾ?
4. ಹೊರರಾಜ್ಯದವರಿಗೆ ಫೀಸು ಎಷ್ಟು, ಯಾವ ಯಾವ ಪತ್ರ, ಯಾವ ತಾರೀಖಿನೊಳಗೆ?
5. ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಎಷ್ಟು ಜಾಗ? ಸಿಗದಿದ್ದವರು ಎಲ್ಲಿರುತ್ತಾರೆ?
6. ಉಡುಪಿನ ನಿಯಮ ಏನು? ಜುಮಾ ದಿನ, ರಂಜಾನ್‌ನಲ್ಲಿ ಪರೀಕ್ಷೆ ಬಂದರೆ ಹೇಗೆ?
7. ಹೋದ ವರ್ಷ ಮೊದಲ ವರ್ಷಕ್ಕೆ ಸೇರಿದವರಲ್ಲಿ ಎಷ್ಟು ಮಂದಿ ಎರಡನೆಯ ವರ್ಷಕ್ಕೆ ಬಂದರು?

ಕೊನೆಯ ಪ್ರಶ್ನೆಗೆ ಆಫೀಸಿನವರು ಮುಖ ನೋಡುತ್ತಾರೆ. ಕಟ್ಟೆಯ ಮೇಲೆ ಕೂತ ಎರಡನೆಯ ವರ್ಷದ ಹುಡುಗಿಯರನ್ನು ಕೇಳಿ, ಅವರು ಹೇಳುತ್ತಾರೆ.

ಒಂದು ಕೆಲಸ ಮಾತ್ರ ಅಬ್ಬಾ ಮಾಡಬಾರದು. ಈ ಪ್ರಶ್ನೆಗಳನ್ನು ಕಿಟಕಿಯ ಮುಂದೆ ನಿಂತು ಮಗಳೇ ಕೇಳಲಿ, ನೀವು ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ. ಅವಳ ದನಿ ನಡುಗಿದರೂ ಪರವಾಗಿಲ್ಲ, ಮುರುಕು ಹಿಂದಿಯಾದರೂ ಪರವಾಗಿಲ್ಲ. ಗುಮಾಸ್ತ ಒಮ್ಮೆ ಗದರಿದ ಮೇಲೂ ಎರಡನೆಯ ಸಲ ಕೇಳಿ ಉತ್ತರ ತಗೊಂಡು ಬಂದಳು ಅಂದರೆ, ಮಾರ್ಕ್ಸ್ ಕಾರ್ಡಿನಲ್ಲಿ ಕಾಣದ ಒಂದು ವಿಷಯ ನಿಮಗೆ ಗೊತ್ತಾದ ಹಾಗೆ. ಅವತ್ತು ರಾತ್ರಿ ಊರಿನ ಬಸ್ಸಿನಲ್ಲಿ ಅವಳನ್ನೇ ಕೇಳಿ: “ಇಲ್ಲಿ ಇರ್ತೀಯೇನಮ್ಮಾ?” ಅವಳು ಏನು ಹೇಳುತ್ತಾಳೋ ಅದಕ್ಕೆ ನನ್ನ ಸಲಹೆಗಿಂತ ಹೆಚ್ಚು ತೂಕ ಕೊಡಿ.